ಲೂಪ್ ಕೆಂಪಾಯ್ತು, ಪ್ಲೇಟ್ ಯಾಕೆ ಹಸಿರಾಯ್ತು?

ಕಳೆದ ಸಲ ಮೊಸರಿನ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬ್ಯಾಕ್ಟೀರಿಯಾದ ಮೇಲೆಯೇ. ಬೆಂಗಳೂರಿನ ಕಾಲೇಜುಗಳಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ ಅನ್ನುವುದಕ್ಕೆ ಬೇರೆ ಕ್ಯಾಲೆಂಡರ್ ಬೇಡ. ವರ್ಷಗಟ್ಟಲೆ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನಿಂತು ಕಾಲು ನೋಯಿಸಿಕೊಂಡವಳು ನಾನು, ಹಾಗಾಗಿ ಈ ಸಲ ಬೇರೆ ವಿಷಯದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಲ್ಯಾಬು ಕಾಣದವರಿಗೆ ಎರಡು ಮಾತು: ಪ್ಲೇಟ್ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ತಟ್ಟೆ, ಲೂಪ್ ಅಂದರೆ ತುದಿಯಲ್ಲಿ ಉಂಗುರವಿರುವ ತಂತಿ, ಅದರಿಂದ ಬ್ಯಾಕ್ಟೀರಿಯಾ ಎತ್ತಿ ಪ್ಲೇಟಿನ ಮೇಲೆ ಗೆರೆ ಎಳೆಯುವುದೇ ಸ್ಟ್ರೀಕ್.

ನಾನು ಬಿಎಸ್ಸಿ ಎರಡನೇ ವರ್ಷ. ಲೂಪನ್ನು ಕೆಂಪಗೆ ಕಾಯಿಸಿಯೇ ಸ್ಟ್ರೀಕ್ ಮಾಡುತ್ತೇನೆ ಮೇಡಂ. ಗ್ಲೌಸ್ ಹಾಕಿದ್ದೆ, ಟೇಬಲ್ ಒರೆಸಿದ್ದೆ. ಆದರೂ ನಾಲ್ಕು ಪ್ಲೇಟಿನಲ್ಲಿ ಮೂರರಲ್ಲಿ ಹಸಿರು ಬೂಷ್ಟು, ಬಿಳಿ ಚುಕ್ಕೆ. ಎಲ್ಲರ ಮುಂದೆ ಬೈಸಿಕೊಂಡೆ. ತಪ್ಪೆಲ್ಲಿ?
— ವಿದ್ಯಾರ್ಥಿನಿ, ವಿಜಯನಗರ

ಬೈಸಿಕೊಂಡಿದ್ದು ಇರಲಿ ಬಿಡಮ್ಮ, ನಾವೆಲ್ಲ ಬೈಸಿಕೊಂಡೇ ಕಲಿತವರು. ಆ ಪ್ಲೇಟುಗಳು ಇನ್ನೂ ಇವೆಯಾ? ಇದ್ದರೆ ಮುಚ್ಚಳ ತೆಗೆಯದೆ ಬೆಳಕಿಗೆ ಹಿಡಿದು ನೋಡಿ. ಕೆಟ್ಟ ಪ್ಲೇಟು ಸುಳ್ಳು ಹೇಳುವುದಿಲ್ಲ. ಎಲ್ಲಿ ಬೆಳೆದಿದೆ ಅನ್ನುವುದರಲ್ಲೇ ಯಾರ ತಪ್ಪು ಅನ್ನುವುದು ಬರೆದಿರುತ್ತದೆ.

ನೀವು ಗೆರೆ ಎಳೆದ ಜಾಗದ ಮೇಲೆಯೇ ಎರಡು ಬಗೆಯ ಕಾಲೊನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಬಂದಿದ್ದರೆ ನಿಮಗೆ ಕೊಟ್ಟ ಕಲ್ಚರೇ, ಅಂದರೆ ಬೆಳೆಸಿಟ್ಟ ಬ್ಯಾಕ್ಟೀರಿಯಾವೇ ಬೆರಕೆ, ಇಲ್ಲವೇ ಲೂಪು ಕಾಯಿಸಿದ ಮೇಲೆ ಎಲ್ಲೋ ತಾಗಿದೆ. ಗೆರೆಯಿಂದ ದೂರ, ಎಲ್ಲೆಂದರಲ್ಲಿ ಒಂದೊಂದು ಚುಕ್ಕೆ ಬಿದ್ದಿದ್ದರೆ ಅದು ಗಾಳಿಯಿಂದ ಬಿದ್ದಿದ್ದು. ಅಗರ್, ಅಂದರೆ ಪ್ಲೇಟಿನಲ್ಲಿ ಗಟ್ಟಿಯಾದ ಜೆಲ್ಲಿ, ಅದರ ಒಳಗೆ ಹೂತುಕೊಂಡ ಹಾಗೆ ಕಾಣುತ್ತಿದ್ದರೆ ಸುರಿಯುವ ಮೊದಲೇ ಮೀಡಿಯಾ (ಅಗರ್ ಸೇರಿಸಿದ ಬ್ಯಾಕ್ಟೀರಿಯಾದ ಆಹಾರ) ಕೆಟ್ಟಿತ್ತು, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅಂಚಿನಲ್ಲಿ ಸಾಲಾಗಿ ಬೆಳೆದಿದ್ದರೆ ಮುಚ್ಚಳದ ಮೇಲೆ ಕಟ್ಟಿದ ನೀರು ಇಳಿದು ಅಲ್ಲಿಗೆ ತಂದುಹಾಕಿದೆ. ಅದಕ್ಕೇ ಅಗರ್ 45–50 ಡಿಗ್ರಿಗೆ ಆರಿದ ಮೇಲೆ ಸುರಿಯಬೇಕು, ಇನ್‌ಕ್ಯುಬೇಟರಿನಲ್ಲಿ ಪ್ಲೇಟನ್ನು ತಲೆಕೆಳಗಾಗಿ ಇಡಬೇಕು ಅನ್ನುವುದು.

ನಿಮ್ಮ ಪತ್ರ ನೋಡಿದರೆ ನನ್ನ ಅನುಮಾನವೆಲ್ಲ ಗಾಳಿಯ ಮೇಲೆ. ಒಂದು ಮಾತು ಕೇಳುತ್ತೇನೆ, ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತಾ? ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮೂರಿನ ಕಾಲೇಜು ಲ್ಯಾಬುಗಳಲ್ಲಿ ಫ್ಯಾನ್ ಆಫ್ ಮಾಡಿ ಅಂದರೆ ಅರ್ಧ ಕ್ಲಾಸು ಮುಖ ಸಿಂಡರಿಸುತ್ತದೆ, ನನಗೆ ಗೊತ್ತು. ಆದರೆ ಬ್ಯಾಕ್ಟೀರಿಯಾ ತಾನಾಗಿ ಹಾರುವುದಿಲ್ಲ ನೋಡಿ, ಅದಕ್ಕೆ ರೆಕ್ಕೆ ಎಲ್ಲಿ ಬರಬೇಕು. ಅದು ಧೂಳಿನ ಕಣ, ನಮ್ಮ ಚರ್ಮದಿಂದ ಉದುರುವ ಹೊಟ್ಟು, ಮಾತಾಡುವಾಗ ಹಾರುವ ಎಂಜಲ ಹನಿ, ಇವುಗಳ ಮೇಲೆ ಕೂತು ಸವಾರಿ ಮಾಡುತ್ತದೆ. ಬೂಷ್ಟಿನ ಬೀಜಕಗಳು ಮಾತ್ರ ಹಾರುವುದಕ್ಕೆಂದೇ ಹುಟ್ಟಿದವು. ಎರಡೂ ಕೊನೆಗೆ ಮೇಲಿನಿಂದ ಕೆಳಕ್ಕೆ ಬೀಳಲೇಬೇಕು. ಬರ್ನರ್ ಉರಿಯುತ್ತಿದ್ದರೆ ಸುತ್ತಲಿನ ಗಾಳಿ ಬಿಸಿಯಾಗಿ ಮೇಲಕ್ಕೆ ಏಳುತ್ತದೆ, ಬೀಳುವ ಕಣಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಅದೇ ನಿಮಗಿರುವ ಕೊಡೆ. ಒಂದು ಗೇಣಿನಷ್ಟು ದೂರದೊಳಗೆ ಕೆಲಸ ಮಾಡಿದರೆ ಕೊಡೆಯೊಳಗೆ ಇದ್ದೀರಿ, ಫ್ಯಾನ್ ಹಾಕಿದರೆ ಕೊಡೆ ಹಾರಿಹೋಯಿತು.

ಇನ್ನು ಮುಚ್ಚಳ. ಹೊಸಬರು ದೋಸೆ ಕಾವಲಿಯ ಮುಚ್ಚಳ ತೆಗೆದ ಹಾಗೆ ಪೂರ್ತಿ ಎತ್ತಿ ಪಕ್ಕದಲ್ಲಿ ಅಂಗಾತ ಇಟ್ಟುಬಿಡುತ್ತಾರೆ. ಬೇಡ. ಒಂದು ಕಡೆ ಮಾತ್ರ ಲೂಪು ಹೋಗುವಷ್ಟು ಎತ್ತಿ, ಮುಚ್ಚಳ ಪ್ಲೇಟಿನ ಮೇಲೆ ಸೂರಿನ ಹಾಗೆ ಇರಬೇಕು. ಟ್ಯೂಬಿನ ಹತ್ತಿ ಪ್ಲಗ್ಗನ್ನು ಟೇಬಲ್ ಮೇಲೆ ಇಡಲೇಬಾರದು, ಬಲಗೈ ಕಿರುಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಮೊದಮೊದಲು ಬೆರಳು ನೋಯುತ್ತದೆ, ಪ್ಲಗ್ ಬಿದ್ದುಹೋಗುತ್ತದೆ. ಖಾಲಿ ಟ್ಯೂಬಿಗೆ ಹತ್ತಿ ತುರುಕಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ, ಟಿವಿ ನೋಡುತ್ತಾ ಮಾಡಬಹುದಾದ ಕೆಲಸ.

ಲೂಪಿನ ಬಗ್ಗೆಯೂ ಒಂದು ಮಾತು. ಕೆಂಪಾದರೆ ಸಾಲದು, ಆರಬೇಕು. ಬಿಸಿ ಲೂಪನ್ನು ಕಾಲೊನಿಗೆ ಮುಟ್ಟಿಸಿದರೆ ಚುಂಯ್ ಅನ್ನುತ್ತದೆ, ನೀವು ಎತ್ತಬೇಕಾದ ಬ್ಯಾಕ್ಟೀರಿಯಾ ಅಲ್ಲೇ ಸುಟ್ಟುಹೋಗುತ್ತದೆ, ಬದುಕಿದ್ದು ಹನಿಹನಿಯಾಗಿ ಸಿಡಿಯುತ್ತದೆ. ಹತ್ತು, ಹದಿನೈದು ಸೆಕೆಂಡು ಸುಮ್ನೆ ಹಿಡಿದುಕೊಂಡಿರಿ, ಆಮೇಲೆ ಅಗರ್‌ನ ಖಾಲಿ ಅಂಚಿಗೆ ಮುಟ್ಟಿಸಿ ನೋಡಿ. ಸದ್ದು ಬರದಿದ್ದರೆ ಸರಿ. ಕೆಲಸ ಮುಗಿದ ಮೇಲೆ ಕಾಯಿಸುವಾಗ ಒಮ್ಮೆಲೇ ಬೆಂಕಿಗೆ ಹಿಡಿಯಬೇಡಿ. ಒಳಗಿನ ನೀಲಿ ಶಂಕುವಿನಲ್ಲಿ ಬಿಸಿ ಕಡಿಮೆ, ಅಲ್ಲಿ ಮೊದಲು ಒಣಗಲಿ, ಆಮೇಲೆ ಹೊರಗಿನ ಉರಿಗೆ ತನ್ನಿ. ಇಲ್ಲದಿದ್ದರೆ ಒಗ್ಗರಣೆಗೆ ಹಸಿ ಕರಿಬೇವು ಹಾಕಿದ ಹಾಗೆ.

ಗ್ಲೌಸ್ ಹಾಕಿದ್ದೆ ಅಂದಿರಿ. ಹಾಕಿಕೊಂಡು ಮೊಬೈಲ್ ಮುಟ್ಟಿದಿರಾ? ಉತ್ತರ ನನಗೆ ಬರೆದು ತಿಳಿಸುವುದು ಬೇಡ.

ಕೊನೆಯದಾಗಿ, ಪ್ರತಿ ಸಲ ಒಂದು ಪ್ಲೇಟಿಗೆ ಏನೂ ಹಾಕದೆ ಹಾಗೇ ಇನ್‌ಕ್ಯುಬೇಟರಿನಲ್ಲಿ ಇಡಿ. ಮಾರನೇ ದಿನ ಅದರಲ್ಲೂ ಬೆಳೆದಿದ್ದರೆ ಮೀಡಿಯಾ ಮಾಡಿದವರನ್ನು ಕೇಳಿ, ನೀವು ತಲೆ ತಗ್ಗಿಸಬೇಕಾಗಿಲ್ಲ.

ಮಗಳು ಬಯೋಟೆಕ್ ಓದುತ್ತಿದ್ದಾಳೆ. "ಅಮ್ಮ, ನಿನ್ನ ಕುಕ್ಕರೇ ನಮ್ಮ ಆಟೋಕ್ಲೇವ್" ಅನ್ನುತ್ತಾಳೆ. ನಿಜವಾ, ಇಲ್ಲ ರೇಗಿಸುತ್ತಿದ್ದಾಳಾ? ನೀರು ಚೆನ್ನಾಗಿ ಕುದಿಸಿದರೆ ಸಾಲದಾ?
— ಗೃಹಿಣಿ, ಮಲ್ಲೇಶ್ವರಂ

ಮಗಳು ಹೇಳಿದ್ದು ನಿಜ. 1879ರಲ್ಲಿ ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಶಾಂಬರ್ಲಾಂ ಎಂಬಾತ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ ಮಾಡಿದ. ಅದರ ತತ್ವಕ್ಕೂ ನಿಮ್ಮ ಕುಕ್ಕರಿಗೂ ಅಂಥ ವ್ಯತ್ಯಾಸವಿಲ್ಲ. ಹಬೆಯನ್ನು ಒತ್ತಿ ಹಿಡಿದರೆ ನೀರು ನೂರು ಡಿಗ್ರಿಗೆ ನಿಲ್ಲುವುದಿಲ್ಲ, ಇನ್ನೂ ಮೇಲೆ ಹೋಗುತ್ತದೆ. ಲ್ಯಾಬಿನಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ, 15ರಿಂದ 20 ನಿಮಿಷ ಅನ್ನುವುದು ಎಲ್ಲರಿಗೂ ಬಾಯಿಪಾಠ. ಮನೆಯ ಕುಕ್ಕರಿನ ವೆಯಿಟ್ ಏಳುವುದೂ ಹೆಚ್ಚುಕಡಿಮೆ ಅಷ್ಟೇ ಒತ್ತಡಕ್ಕೆ.

ಆದರೆ ಕುದಿಸಿದರೆ ಸಾಲದಾ ಅಂದರೆ, ಸಾಲದು. ಅದರಲ್ಲೂ ಬೆಂಗಳೂರಿನಲ್ಲಿ ಇನ್ನೂ ಸಾಲದು! ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ನೀವು ಅರ್ಧ ಗಂಟೆ ಕುದಿಸಿದರೂ ಅದು ನೂರು ಮುಟ್ಟುವುದಿಲ್ಲ. ಕುಡಿಯುವ ನೀರಿಗೆ ಅಷ್ಟು ಸಾಕು, ಹೊಟ್ಟೆ ಕೆಡಿಸುವ ಬಹುಪಾಲು ಬ್ಯಾಕ್ಟೀರಿಯಾ ಅಷ್ಟರಲ್ಲೇ ಸಾಯುತ್ತವೆ, ಭಯ ಬೇಡ. ಲ್ಯಾಬಿನ ತಲೆನೋವು ಬೇರೆ. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಅನ್ನುವ ಜಾತಿಯವು ಕಷ್ಟಕಾಲ ಬಂದರೆ ತಮ್ಮ ಡಿಎನ್ಎಯನ್ನು ಗಂಟು ಕಟ್ಟಿ, ಒಳಗಿನ ನೀರನ್ನು ಬಹುಪಾಲು ಹೊರಹಾಕಿ, ಜಾಗವನ್ನು ಕ್ಯಾಲ್ಸಿಯಂ ಸೇರಿದ ಒಂದು ಆಮ್ಲದಿಂದ ತುಂಬಿಸಿ, ಸುತ್ತಲೂ ಪದರದ ಮೇಲೆ ಪದರ ಹೊದ್ದು ಮಲಗಿಬಿಡುತ್ತವೆ. ಇದು ಬ್ಯಾಕ್ಟೀರಿಯಾದ ಬೀಜಕ, ಮೇಲೆ ಹೇಳಿದ ಬೂಷ್ಟಿನ ಬೀಜಕ ಬೇರೆ. ಹಸಿ ಅವರೆಕಾಳು ಒಂದೇ ವಿಜಿಲ್‌ಗೆ ಮೆತ್ತಗಾಗುತ್ತದೆ, ಒಣ ಅವರೆಕಾಳನ್ನು ನೆನೆಸದೆ ಹಾಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಒಳಗೆ ನೀರು ಕಡಿಮೆಯಾದದ್ದು ಬೇಗ ಬೇಯುವುದಿಲ್ಲ. ಕುದಿಯುವ ನೀರಿನಲ್ಲಿ ಈ ಬೀಜಕಗಳು ಗಂಟೆಗಟ್ಟಲೆ ಬದುಕಬಲ್ಲವು. 121 ಡಿಗ್ರಿಯ ಹಸಿ ಹಬೆಯಲ್ಲಿ ಮಾತ್ರ ನಿಮಿಷಗಳಲ್ಲಿ ಮುಗಿಯುತ್ತವೆ.

ನೀವು ವೆಯಿಟ್ ಹಾಕುವ ಮೊದಲು ಹಬೆ ಜೋರಾಗಿ ಬರಲಿ ಅಂತ ಕಾಯುತ್ತೀರಲ್ಲ, ಅದನ್ನು ಯಾರು ಹೇಳಿಕೊಟ್ಟರೋ ಅವರಿಗೆ ನಮಸ್ಕಾರ. ಆಟೋಕ್ಲೇವಿನಲ್ಲೂ ಒಳಗಿನ ಗಾಳಿ ಹೋಗದೆ ಮುಚ್ಚಿದರೆ ಒತ್ತಡದ ಮುಳ್ಳು 15 ತೋರಿಸುತ್ತದೆ, ಬಿಸಿ ಮಾತ್ರ 121 ಇರುವುದಿಲ್ಲ. ಗಾಳಿ ಮೋಸ ಮಾಡುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಮೀಡಿಯಾ ಕೆಡುವುದು ಇದೇ ಅವಸರದಿಂದ. ನಮ್ಮೂರಿನ ಎತ್ತರದಿಂದಾಗಿ ಇನ್ನೊಂದು ಸಣ್ಣ ತೊಡಕೂ ಇದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಮುಳ್ಳು 15 ತೋರಿಸಿದಾಗ ಒಳಗಿನ ಬಿಸಿ ಸಮುದ್ರತೀರದ ಮಂಗಳೂರಿಗಿಂತ ಒಂದೂವರೆ ಡಿಗ್ರಿಯಷ್ಟು ಕೆಳಗೇ ಇರುತ್ತದೆ. ಮಗಳಿಗೆ ಹೇಳಿ, ಒತ್ತಡದ ಮುಳ್ಳು ನೋಡುವುದಕ್ಕಿಂತ ಥರ್ಮಾಮೀಟರ್ ನೋಡುವುದು ಒಳ್ಳೆಯದು ಅಂತ.

ಅಂದ ಹಾಗೆ ಅಡುಗೆಮನೆಯಿಂದ ಲ್ಯಾಬಿಗೆ ಹೋಗಿದ್ದು ಇನ್ನೊಂದಿದೆ. ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಮೊದಲು ಜೆಲಾಟಿನ್ ಬಳಸುತ್ತಿದ್ದರು, ಸ್ವಲ್ಪ ಸೆಖೆಯಾದರೂ ಕರಗಿ ನೀರಾಗುತ್ತಿತ್ತು. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿದ್ದ ಹೆಸ್ಸೆ ಎಂಬ ವೈದ್ಯ ಇದರಿಂದ ಸೋತುಹೋಗಿದ್ದಾಗ, 1881ರಲ್ಲಿ, ಅವರ ಹೆಂಡತಿ ಫ್ಯಾನಿ ತಾನು ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್ ಹಾಕಿ ನೋಡಿ ಅಂದಳು. ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಅದೇ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೂ ಕರಗುವುದಿಲ್ಲ. ಜಗತ್ತಿನ ಎಲ್ಲ ಲ್ಯಾಬುಗಳಲ್ಲಿ ಇವತ್ತಿಗೂ ಅದೇ ಓಡುತ್ತಿದೆ. ಫ್ಯಾನಿಯ ಹೆಸರು ಮಾತ್ರ ಯಾವ ತಟ್ಟೆಗೂ ಇಡಲಿಲ್ಲ, ಆ ಭಾಗ್ಯ ಆರು ವರ್ಷ ಬಿಟ್ಟು ಮುಚ್ಚಳದ ತಟ್ಟೆ ತಂದ ಪೆಟ್ರಿಗೆ ಸಿಕ್ಕಿತು, ಪೆಟ್ರಿ ಡಿಶ್ ಅನ್ನುವುದು ಅದಕ್ಕೇ.

70 ಪರ್ಸೆಂಟ್ ಸ್ಪಿರಿಟ್ ಯಾಕೆ? ಪೂರ್ತಿ ಶುದ್ಧವಾದದ್ದೇ ಬಳಸಿದರೆ ಇನ್ನೂ ಚೆನ್ನಾಗಿ ಸಾಯಬೇಕಲ್ವಾ?
— ಮೆಡಿಕಲ್ ಶಾಪ್‌ನವರು, ರಾಜಾಜಿನಗರ

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆಲ್ಕೋಹಾಲ್ ಕೊಲ್ಲುವುದು ಪ್ರೋಟೀನುಗಳನ್ನು ಕೆಡಿಸಿ, ಕೋಶದ ಪೊರೆಯ ಕೊಬ್ಬನ್ನು ಕದಡಿ. ಪ್ರೋಟೀನ್ ಕೆಡಲು ನೀರು ಬೇಕು. ನೀರೇ ಇಲ್ಲದ ಆಲ್ಕೋಹಾಲ್ ಮೇಲ್ಮೈಯನ್ನು ಮಾತ್ರ ಗಟ್ಟಿ ಮಾಡಿ, ಒಳಗೆ ಇಳಿಯುವ ಮೊದಲೇ ಆರಿಹೋಗುತ್ತದೆ. 70ರಲ್ಲಿ ನೀರೂ ಇದೆ, ನಿಲ್ಲುವುದಕ್ಕೆ ಸಮಯವೂ ಇದೆ. ಆದರೆ ಮೇಲೆ ಹೇಳಿದ ಬೀಜಕಗಳಿಗೆ ಇದರಿಂದ ಏನೂ ಆಗುವುದಿಲ್ಲ, ಸ್ಪಿರಿಟ್ ಒಳಗೇ ಹಾಯಾಗಿ ಮಲಗಿರುತ್ತವೆ. ಅದಕ್ಕೇ ಸ್ಪ್ರೆಡರನ್ನು, ಅಂದರೆ ಪ್ಲೇಟಿನ ಮೇಲೆ ಹನಿ ಹರಡುವ ಗಾಜಿನ ಕಡ್ಡಿಯನ್ನು, ಸ್ಪಿರಿಟ್‌ನಲ್ಲಿ ಅದ್ದಿದ ಮೇಲೆ ಬೆಂಕಿ ತೋರಿಸುವುದು.

ಇಲ್ಲಿ ನನ್ನದೇ ಒಂದು ಕಥೆ. ಕೆಲಸಕ್ಕೆ ಸೇರಿದ ಹೊಸತು, ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್. ಮೂವತ್ತು ಹುಡುಗರ ಮುಂದೆ ಗತ್ತಿನಿಂದ ಸ್ಪ್ರೆಡರಿಗೆ ಬೆಂಕಿ ತೋರಿಸಿದೆ, ಅದು ಪೂರ್ತಿ ಆರುವ ಮೊದಲೇ ಮಾತಾಡುತ್ತಾ ಮತ್ತೆ ಬೀಕರಿನೊಳಗೆ ಅದ್ದಿದೆ. ಹಗಲು ಬೆಳಕಿನಲ್ಲಿ ಸ್ಪಿರಿಟ್ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಬೀಕರ್ ಮೇಲಿನ ಗಾಳಿ ನಡುಗುತ್ತಿದೆಯಲ್ಲ ಅಂತ ನೋಡುವಷ್ಟರಲ್ಲಿ ಪಕ್ಕದಲ್ಲಿದ್ದ ಟಿಶ್ಯೂ ಹತ್ತಿಕೊಂಡಿತು. ಅಟೆಂಡರ್ ಒಬ್ಬರು ಏನೂ ಮಾತಾಡದೆ ಬಂದು ಬೀಕರಿನ ಮೇಲೆ ಗಾಜಿನ ಪ್ಲೇಟ್ ಮುಚ್ಚಿದರು, ಒದ್ದೆ ಬಟ್ಟೆಯಿಂದ ಟಿಶ್ಯೂ ಒತ್ತಿದರು, ಹೊರಟುಹೋದರು. ಊದಬಾರದು, ನೀರು ಎರಚಬಾರದು, ಮುಚ್ಚಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಣಗುವ ಮೊದಲೇ ಬರ್ನರ್ ಹಚ್ಚುವವರೂ ಇದನ್ನು ಓದಿಕೊಳ್ಳಿ.

ಪಿಯುಸಿ ಮೊದಲ ವರ್ಷ. ಬ್ಯಾಕ್ಟೀರಿಯಾ ಚಿತ್ರದಲ್ಲಿ ಮೀಸೋಸೋಮ್ ಬರೆಯಬೇಕಾ? ಅಣ್ಣ ಅದು ಇಲ್ಲವೇ ಇಲ್ಲ ಅನ್ನುತ್ತಾನೆ, ಪುಸ್ತಕದಲ್ಲಿ ಇದೆ. ಯಾರನ್ನು ನಂಬಲಿ?
— ವಿದ್ಯಾರ್ಥಿ, ಜಯನಗರ

ಪರೀಕ್ಷೆಯಲ್ಲಿ ಪುಸ್ತಕವನ್ನು, ಪರೀಕ್ಷೆ ಮುಗಿದ ಮೇಲೆ ಅಣ್ಣನನ್ನು.

ಕೋಶಪೊರೆ ಒಳಕ್ಕೆ ಮಡಿಚಿಕೊಂಡು ಸುರುಳಿಯಾದ ಹಾಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತ್ತು, ಅದಕ್ಕೆ ಮೀಸೋಸೋಮ್ ಅಂತ ಹೆಸರಿಟ್ಟು ಉಸಿರಾಟ, ಡಿಎನ್ಎ ಹಂಚಿಕೆ ಅಂತ ಕೆಲಸವನ್ನೂ ಕೊಟ್ಟರು. ಆಮೇಲೆ 1970ರ ದಶಕದಲ್ಲಿ, ಬ್ಯಾಕ್ಟೀರಿಯಾವನ್ನು ರಾಸಾಯನಿಕದಲ್ಲಿ ನೆನೆಸುವ ಬದಲು ದಿಢೀರನೆ ಹೆಪ್ಪುಗಟ್ಟಿಸಿ ನೋಡಿದಾಗ ಸುರುಳಿ ಮಾಯ. ಅಂದರೆ ನೋಡುವುದಕ್ಕೆ ಸಿದ್ಧ ಮಾಡುವಾಗಲೇ ಪೊರೆ ಸುಕ್ಕುಗಟ್ಟುತ್ತಿತ್ತು. ಫೋಟೋ ತೆಗೆಯುವ ಮೊದಲು ಸೀರೆ ಮುದುಡಿ, ಆ ಮುದುಡನ್ನೇ ಡಿಸೈನ್ ಅಂದ ಹಾಗೆ.

ಹಾಗಾದರೆ ಮೈಟೋಕಾಂಡ್ರಿಯಾ ಇಲ್ಲದ ಬ್ಯಾಕ್ಟೀರಿಯಾ ಶಕ್ತಿ ಎಲ್ಲಿಂದ ಪಡೆಯುತ್ತದೆ ಅಂತ ನೀನು ಮುಂದಿನ ಪತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಕೋಶಪೊರೆಯೇ ಆ ಕೆಲಸ ಮಾಡುತ್ತದೆ. ಪೊರೆಯ ಹೊರಗೆ ಪ್ರೋಟಾನುಗಳನ್ನು ತಳ್ಳಿ, ಅವು ಒಳಕ್ಕೆ ವಾಪಸ್ ನುಗ್ಗುವಾಗ ಎಟಿಪಿ ಅನ್ನುವ ಶಕ್ತಿಯ ಅಣು ಮಾಡಿಕೊಳ್ಳುತ್ತದೆ, ಅಣೆಕಟ್ಟೆಯ ನೀರಿನಿಂದ ಕರೆಂಟ್ ಮಾಡುವ ಹಾಗೆ. ಈಜುವ ಬಾಲ, ಅಂದರೆ ಫ್ಲಾಜೆಲ್ಲಾ, ಅದನ್ನು ಗಿರಗಿರ ತಿರುಗಿಸುವುದೂ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಅದೇ ಪ್ರೋಟಾನ್ ಹರಿವು. ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು!

ಚಿತ್ರ ಬರೆಯುವಾಗ ಎಲ್ಲರೂ ಮಾಡುವ ಇನ್ನೊಂದು ತಪ್ಪು, ಡಿಎನ್ಎಯನ್ನು ನಡುವೆ ಒಂದು ಪುಟ್ಟ ಉಂಗುರದ ಹಾಗೆ ಬರೆದು ಉಳಿದದ್ದು ಖಾಲಿ ಬಿಡುವುದು. ಇ. ಕೋಲಿಯ ಉದ್ದ ಸುಮಾರು 2 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಅದರ ಡಿಎನ್ಎ ಬಿಡಿಸಿದರೆ 1.6 ಮಿಲಿಮೀಟರ್. ಎಂಟುನೂರು ಪಟ್ಟು ಉದ್ದ. ಬಸವನಗುಡಿ ಪರಿಷೆಯಲ್ಲಿ ಒಂದು ಕಡಲೆಕಾಯಿ ಬೀಜ ಎತ್ತಿಕೋ, ಅದರೊಳಗೆ ಎಂಟು ಮೀಟರ್ ದಾರವನ್ನು ಗಂಟು ಬೀಳದ ಹಾಗೆ ತುರುಕು. ಅಷ್ಟರಲ್ಲೇ ಪ್ರೋಟೀನ್ ಮಾಡುವ ರೈಬೋಸೋಮುಗಳೂ ಸಾವಿರಗಟ್ಟಲೆ ಇರಬೇಕು. ಖಾಲಿ ಜಾಗ ಎಲ್ಲಿ ಬಂತು, ಶಿವಾಜಿನಗರದ ಬಸ್ಸಿನ ಹಾಗೆ ಒಳಗೆಲ್ಲ ಕಿಕ್ಕಿರಿದಿರುತ್ತದೆ.

ಗ್ರಾಮ್ ಸ್ಟೇನ್ ಮಾಡಿದರೆ ನನಗೆ ಎಲ್ಲವೂ ಗುಲಾಬಿ ಬಣ್ಣವೇ ಬರುತ್ತದೆ. ಸ್ಟ್ಯಾಫೈಲೊಕಾಕಸ್ ಕೂಡ! ಬಣ್ಣಗಳು ಹಳೆಯದಾಗಿವೆಯಾ?
— ವಿದ್ಯಾರ್ಥಿ, ಕೆಂಗೇರಿ

ಬಣ್ಣದ ಮೇಲೆ ತಪ್ಪು ಹೊರಿಸುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ನೂರಕ್ಕೆ ತೊಂಬತ್ತು ಸಲ ಇದು ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ಟಿದ್ದು ಅನ್ನುವುದು ನನ್ನ ಲೆಕ್ಕ, ಪುಸ್ತಕದ ಲೆಕ್ಕವಲ್ಲ.

ಗ್ರಾಮ್ ಸ್ಟೇನ್ ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ಎರಡು ಪಂಗಡ ಮಾಡುವ ವಿಧಾನ. ನೇರಳೆ ಉಳಿದದ್ದು ಗ್ರಾಮ್ ಪಾಸಿಟಿವ್, ಗುಲಾಬಿಯಾದದ್ದು ಗ್ರಾಮ್ ನೆಗೆಟಿವ್. ನಿಮ್ಮ ಸ್ಟ್ಯಾಫೈಲೊಕಾಕಸ್ ಪಾಸಿಟಿವ್, ನೇರಳೆ ಕಾಣಬೇಕಿತ್ತು. ಸ್ಲೈಡಿನ ಮೇಲೆ ಏನಾಗುತ್ತಿದೆ ಅಂತ ಗೊತ್ತಿದ್ದರೆ ಕೈ ತಾನೇ ಸರಿಹೋಗುತ್ತದೆ. ಮೊದಲು ಕ್ರಿಸ್ಟಲ್ ವಯಲೆಟ್ ಹಾಕುತ್ತೀರಿ, ಎಲ್ಲ ಬ್ಯಾಕ್ಟೀರಿಯಾವೂ ನೇರಳೆ. ಅಯೋಡಿನ್ ಹಾಕಿದಾಗ ಎರಡೂ ಸೇರಿ ಕೋಶದೊಳಗೆ ದೊಡ್ಡ ಗಂಟಾಗುತ್ತದೆ. ಇಲ್ಲಿಯವರೆಗೆ ಪಾಸಿಟಿವ್, ನೆಗೆಟಿವ್ ಎರಡೂ ಒಂದೇ. ಬೇರೆ ಮಾಡುವುದು ಆಲ್ಕೋಹಾಲ್. ಗ್ರಾಮ್ ಪಾಸಿಟಿವ್ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕನ್ ಅನ್ನುವ ಬಲೆ ಪದರದ ಮೇಲೆ ಪದರವಾಗಿ 20ರಿಂದ 80 ನ್ಯಾನೋಮೀಟರ್ ದಪ್ಪ ಇರುತ್ತದೆ. ಆಲ್ಕೋಹಾಲ್ ತಾಗಿದಾಗ ಅದರ ನೀರು ಆರಿ ಬಲೆ ಬಿಗಿಯುತ್ತದೆ, ನೇರಳೆ ಗಂಟು ಒಳಗೇ ಸಿಕ್ಕಿಬೀಳುತ್ತದೆ. ಗ್ರಾಮ್ ನೆಗೆಟಿವ್‌ನಲ್ಲಿ ಈ ಬಲೆ ಕೆಲವೇ ನ್ಯಾನೋಮೀಟರ್, ಪಂಚೆಯ ಬಟ್ಟೆಯಷ್ಟು ತೆಳು ಅನ್ನಿ. ಅದರ ಹೊರಗೆ ಕೊಬ್ಬು ಸೇರಿದ ಇನ್ನೊಂದು ಪೊರೆ ಇದೆ. ಆ ಕೊಬ್ಬನ್ನು ಆಲ್ಕೋಹಾಲ್ ಕರಗಿಸಿಬಿಡುತ್ತದೆ, ತೆಳು ಬಲೆಗೆ ಹಿಡಿದಿಡುವ ತಾಕತ್ತಿಲ್ಲ, ಬಣ್ಣ ಹರಿದುಹೋಗುತ್ತದೆ. ಬಣ್ಣ ಕಳೆದುಕೊಂಡದ್ದು ಆಮೇಲೆ ಸ್ಯಾಫ್ರನಿನ್ ಹೀರಿ ಗುಲಾಬಿಯಾಗುತ್ತದೆ.

ಆದರೆ ಬಿಗಿದ ಬಲೆಯೂ ಎಷ್ಟು ಹೊತ್ತು ತಡೆದೀತು? ಅರ್ಧ ನಿಮಿಷ ಆಲ್ಕೋಹಾಲ್ ಸುರಿಯುತ್ತಾ ಪಕ್ಕದವನ ಜೊತೆ ಮಾತಾಡುತ್ತಿದ್ದರೆ ಸ್ಟ್ಯಾಫೈಲೊಕಾಕಸ್ ಕೂಡ ಕೈಚೆಲ್ಲುತ್ತದೆ. ಗಡಿಯಾರ ನೋಡಬೇಡಿ, ಹನಿ ನೋಡಿ. ಸ್ಲೈಡನ್ನು ಓರೆಯಾಗಿ ಹಿಡಿದು, ಹಿಂದೆ ಒಂದು ಬಿಳಿ ಟೈಲ್ ಇಟ್ಟುಕೊಂಡು, ಆಲ್ಕೋಹಾಲನ್ನು ಹನಿಹನಿಯಾಗಿ ಬಿಡಿ. ಮೊದಲ ಹನಿಗಳು ಗಾಢ ನೇರಳೆಯಾಗಿ ಇಳಿಯುತ್ತವೆ, ಆಮೇಲೆ ತೆಳು ಊದಾ, ಆಮೇಲೆ ಒಂದು ಹನಿ ನೀರಿನ ಹಾಗೆ ಇಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಆ ಕ್ಷಣಕ್ಕೇ ನೀರು ಬಿಡಿ. ಸ್ಮಿಯರ್, ಅಂದರೆ ಸ್ಲೈಡಿಗೆ ಬಳಿದ ಬ್ಯಾಕ್ಟೀರಿಯಾ, ತೆಳುವಾಗಿದ್ದರೆ ಇದಕ್ಕೆಲ್ಲ ಹತ್ತು, ಹದಿನೈದು ಸೆಕೆಂಡು ಸಾಕು. ಸ್ಮಿಯರನ್ನು ಚಟ್ನಿ ಬಳಿದ ಹಾಗೆ ದಪ್ಪ ಬಳಿದರೆ ಇದರ ಉಲ್ಟಾ ಆಗುತ್ತದೆ, ನೆಗೆಟಿವ್ ಕೂಡ ನೇರಳೆಯಾಗಿ ಕಾಣುತ್ತದೆ.

ಕಲ್ಚರ್ ಎಷ್ಟು ದಿನದ್ದು ಅಂತಲೂ ಕೇಳಿ ನೋಡಿ. ಶುಕ್ರವಾರ ಬೆಳೆಸಿ ಸೋಮವಾರ ಸ್ಟೇನ್ ಮಾಡಿದರೆ ಮುದಿಯಾದ ಕೋಶಗಳ ಭಿತ್ತಿ ಸಡಿಲವಾಗಿ ಬಣ್ಣ ಬಿಟ್ಟುಬಿಡುತ್ತವೆ. 18ರಿಂದ 24 ಗಂಟೆಯದೇ ಇರಲಿ. ಬೆಂಕಿಯಲ್ಲಿ ಸ್ಲೈಡನ್ನು ಜಾಸ್ತಿ ಕಾಯಿಸಿದರೂ ಇದೇ ಗತಿ. ಕೈ ಹಿಂಬದಿಗೆ ಮುಟ್ಟಿಸಿದರೆ ಬೆಚ್ಚಗಿರಬೇಕು, ಸುಡಬಾರದು.

ನಾನು ಹುಡುಗರಿಗೆ ಹೇಳಿಕೊಡುತ್ತಿದ್ದ ಒಂದು ಉಪಾಯ. ಅದೇ ಸ್ಲೈಡಿನ ಒಂದು ಮೂಲೆಯಲ್ಲಿ ಮನೆಯ ಮೊಸರಿನ ತಿಳಿಯನ್ನು ಒಂದಿಷ್ಟು ಬಳಿಯಿರಿ. ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಗ್ರಾಮ್ ಪಾಸಿಟಿವ್, ನೇರಳೆ ಕಡ್ಡಿಗಳಾಗಿ ಕಾಣಬೇಕು. ಅದೂ ಗುಲಾಬಿ ಬಂದರೆ ತಪ್ಪು ನಿಮ್ಮ ಕೈಯದು. ಅದು ನೇರಳೆ ಇದ್ದು ನಿಮ್ಮ ಕಲ್ಚರ್ ಮಾತ್ರ ಗುಲಾಬಿ ಇದ್ದರೆ, ಕೊಟ್ಟ ಕಲ್ಚರ್ ಬಗ್ಗೆ ಧೈರ್ಯವಾಗಿ ಕೇಳಬಹುದು.

1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್‌ನಲ್ಲಿ ಇದನ್ನು ಕಂಡುಕೊಂಡಾಗ ಆತ ಬ್ಯಾಕ್ಟೀರಿಯಾವನ್ನು ಎರಡು ಪಂಗಡ ಮಾಡಲು ಹೊರಟಿರಲೇ ಇಲ್ಲ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಅಂತ ಒದ್ದಾಡುತ್ತಿದ್ದ. ಕೆಲವು ಜಾತಿ ಬಣ್ಣ ಬಿಟ್ಟುಬಿಡುತ್ತವೆ ಅನ್ನುವುದು ಅವನಿಗೆ ಕೊರತೆಯಾಗಿ ಕಂಡಿತ್ತು. ಗುಲಾಬಿ ಬಣ್ಣ ಸೇರಿಸಿದ್ದೂ ಆಮೇಲಿನವರು. ಇವತ್ತು ಡಾಕ್ಟರಿಗೆ ಯಾವ ಔಷಧಿ ಕೊಡಬೇಕು ಅನ್ನುವ ಮೊದಲ ಸುಳಿವು ಸಿಗುವುದೇ ಆ ಕೊರತೆಯಿಂದ. ಪೆನಿಸಿಲಿನ್ ಆ ಬಲೆ ಹೆಣೆಯುವುದನ್ನೇ ತಡೆಯುತ್ತದೆ, ಬಹುಪಾಲು ನೆಗೆಟಿವ್‌ಗಳ ಹೊರಪೊರೆ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಂದ ಹಾಗೆ ಆ ಪೆನಿಸಿಲಿನ್ ಸಿಕ್ಕಿದ್ದು 1928ರಲ್ಲಿ ಫ್ಲೆಮಿಂಗ್ ಅವರ ಪ್ಲೇಟಿಗೆ ಬಿದ್ದ ಬೂಷ್ಟಿನಿಂದ. ವಿಜಯನಗರದ ಹುಡುಗಿಗೆ ಇದನ್ನು ಸಮಾಧಾನಕ್ಕೆ ಹೇಳುತ್ತಿದ್ದೇನೆ, ಪರೀಕ್ಷೆಯಲ್ಲಿ ನೆಪ ಹೇಳುವುದಕ್ಕಲ್ಲ.

ನಮ್ಮ ಅಜ್ಜಿಯ ಮಡಿಯೂ ನಿಮ್ಮ ಲ್ಯಾಬಿನ ನಿಯಮವೂ ಒಂದೇ ಅಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಅಲ್ಲ ಸರ್. ಮಡಿಯಲ್ಲಿ ಯಾರು ಮುಟ್ಟಿದರು ಅನ್ನುವುದು ಮುಖ್ಯ. ಲ್ಯಾಬಿನಲ್ಲಿ ಯಾರು ಮುಟ್ಟಿದರೂ ಒಂದೇ, ಈಗಷ್ಟೇ ತಲೆಗೆ ಸ್ನಾನ ಮಾಡಿ ಬಂದವರ ಕೈಯಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತವೆ. ಅಜ್ಜಿಯ ಉಪ್ಪಿನಕಾಯಿ ಜಾಡಿಯ ಬಗ್ಗೆ ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಒಣಗಿದ ಜಾಡಿ, ಒಣಗಿದ ಸೌಟು, ಬಾಯಿಗೆ ಬಿಳಿ ಬಟ್ಟೆ. ಜಾಡಿಯ ಉಪ್ಪು ಬ್ಯಾಕ್ಟೀರಿಯಾದ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಪೊರೆ ಭಿತ್ತಿಯನ್ನು ಬಿಟ್ಟು ಮುದುಡಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಒದ್ದೆ ಚಮಚ ಹಾಕಿದರೆ ಮೇಲ್ಪದರದಲ್ಲಿ ಉಪ್ಪು ತೆಳುವಾಗಿ ಅಷ್ಟು ಜಾಗದಲ್ಲಿ ಬೂಷ್ಟು ಬರುತ್ತದೆ. ಅಜ್ಜಿ ಬೈಯುತ್ತಿದ್ದದ್ದು ಸರಿಯಾಗಿಯೇ ಇತ್ತು.

ಲ್ಯಾಮಿನಾರ್ ಏರ್‌ಫ್ಲೋ (ಶೋಧಿಸಿದ ಗಾಳಿ ಹರಿಯುವ ಕೆಲಸದ ಪೆಟ್ಟಿಗೆ) ಒಳಗೆ ಯುವಿ ಲೈಟ್ ಹಾಕಿಕೊಂಡೇ ಕೆಲಸ ಮಾಡಬಹುದಾ?
— ಹೆಸರು ಬೇಡ ಅಂದವರು, ಪೀಣ್ಯ

ಖಂಡಿತ ಬೇಡ, ಕಣ್ಣು ಮತ್ತು ಚರ್ಮ ಸುಡುತ್ತದೆ. ಅದನ್ನು ಕೆಲಸದ ಮೊದಲು ಹಾಕಿ, ಆರಿಸಿ, ಆಮೇಲೆ ಕೈ ಹಾಕಿ.

ಶೆಡ್‌ನಲ್ಲಿ ಚಿಪ್ಪಣಬೆ ಬೆಳೆಯುತ್ತಿದ್ದೇನೆ. ಹೆಸರಘಟ್ಟದಿಂದ ಒಳ್ಳೆಯ ಬೀಜ ತಂದರೂ ಚೀಲಗಳಲ್ಲಿ ಹಸಿರು ಬೂಷ್ಟು. ಹುಲ್ಲನ್ನೂ ಆಟೋಕ್ಲೇವ್ ಮಾಡಿಸಬೇಕಾ?
— ರೈತರು, ನೆಲಮಂಗಲ ರಸ್ತೆ

ಬೇಡ ಅಣ್ಣ, ದುಡ್ಡು ದಂಡ. ಹುಲ್ಲಿನಲ್ಲಿ ಒಂದು ಸೂಕ್ಷ್ಮಜೀವಿಯೂ ಉಳಿಯದ ಹಾಗೆ ಮಾಡಿದರೆ ಅದು ಬೇಲಿ ಇಲ್ಲದ ಖಾಲಿ ಸೈಟಿನ ಹಾಗೆ, ಶೆಡ್ಡಿನ ಗಾಳಿಯಲ್ಲಿ ಮೊದಲು ಬಂದವನದೇ ಜಾಗ. 70–80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿ ತೆಗೆದರೆ ಬೂಷ್ಟು ಸಾಯುತ್ತದೆ, ಬಿಸಿ ತಾಳುವ ಕೆಲವು ಒಳ್ಳೆಯ ಬ್ಯಾಕ್ಟೀರಿಯಾ ಉಳಿದುಕೊಂಡು ಹೊಸಬರನ್ನು ಸುಲಭಕ್ಕೆ ಬಿಡುವುದಿಲ್ಲ, ಅಷ್ಟರಲ್ಲಿ ಅಣಬೆ ಹಬ್ಬಿಕೊಳ್ಳುತ್ತದೆ. ಆಟೋಕ್ಲೇವ್ ಬೇಕಾಗುವುದು ಕಾಳಿನ ಮೇಲೆ ಅಣಬೆ ಬೆಳೆಸಿ ಬಿತ್ತನೆ ಬೀಜ ಮಾಡುವವರಿಗೆ. ಹುಲ್ಲನ್ನು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ತೇವವಾದರೆ ಸಾಕು, ಇದನ್ನೂ ನೋಡಿಕೊಳ್ಳಿ.

ಇನ್ನೊಂದು ಕೇಳುತ್ತೇನೆ, ಪಕ್ಕದಲ್ಲೇ ತೋಟ ಇದೆಯಾ, ಅಲ್ಲಿ ಬೇರುಕೊಳೆಗೆ ಟ್ರೈಕೋಡರ್ಮಾ ಪುಡಿ ಹಾಕುತ್ತೀರಾ? ಅಣಬೆ ಚೀಲದಲ್ಲಿ ಬರುವ ಹಸಿರು ಬೂಷ್ಟು ಸಾಮಾನ್ಯವಾಗಿ ಅದೇ ಟ್ರೈಕೋಡರ್ಮಾ ವಂಶದ್ದು. ಬೇರೆ ಶಿಲೀಂಧ್ರ ತಿನ್ನುವುದೇ ಅದರ ಕಸುಬು, ತೋಟದಲ್ಲಿ ನೆಂಟ, ಅಣಬೆ ಶೆಡ್ಡಿನಲ್ಲಿ ಕಳ್ಳ. ಪುಡಿ ಮುಟ್ಟಿದ ದಿನ ಶೆಡ್ಡಿಗೆ ಹೋಗಬೇಡಿ, ಹೋಗಲೇಬೇಕೆಂದರೆ ಬಟ್ಟೆ ಬದಲಾಯಿಸಿ. ಹಸಿರಾದ ಚೀಲವನ್ನು ಶೆಡ್ಡಿನೊಳಗೆ ಬಿಚ್ಚಬೇಡಿ, ಹಾಗೇ ಎತ್ತಿ ದೂರ ತೆಗೆದುಕೊಂಡು ಹೋಗಿ ಹೂಳಿ.

ಪ್ರ್ಯಾಕ್ಟಿಕಲ್ ಮುಗಿದ ಮೇಲೆ ಹಳೆಯ ಪ್ಲೇಟುಗಳನ್ನು ಕಸದ ಬುಟ್ಟಿಗೆ ಹಾಕಬಹುದಾ? ನಮ್ಮಲ್ಲಿ ಸಿಂಕ್ ಪಕ್ಕ ವಾರಗಟ್ಟಲೆ ಬಿದ್ದಿರುತ್ತವೆ.
— ವಿದ್ಯಾರ್ಥಿನಿ, ಹೆಬ್ಬಾಳ

ಹಾಕಬಾರದು, ಬಿದ್ದಿರಲೂಬಾರದು. ಕಡಲೆಬೇಳೆಯಷ್ಟಿರುವ ಒಂದು ಕಾಲೊನಿಯಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಜೊತೆಗೆ ಬಿದ್ದ ಬೂಷ್ಟು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಲ್ಯಾಬಿನ ಬುಟ್ಟಿ ಕೊನೆಗೆ ಹೋಗುವುದು ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ, ಅವರು ಮುಚ್ಚಳ ತೆಗೆದೇ ನೋಡುತ್ತಾರೆ. 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮಗಳೂ ಲ್ಯಾಬಿನ ಸೂಕ್ಷ್ಮಜೀವಿ ತ್ಯಾಜ್ಯವನ್ನು ಅಲ್ಲೇ ಕೊಂದು ಆಮೇಲೆ ಹೊರಗೆ ಕಳಿಸಬೇಕು ಅನ್ನುತ್ತವೆ. ಪ್ಲೇಟುಗಳನ್ನು ತೆರೆಯದೆ ಆಟೋಕ್ಲೇವ್ ಚೀಲಕ್ಕೆ ಹಾಕಿ, ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಬೇಡಿ, ಹಬೆ ಒಳಗೆ ಹೋಗಬೇಕು. ಮೀಡಿಯಾಗೆ 15 ನಿಮಿಷ ಕೊಟ್ಟರೆ ಇದಕ್ಕೆ ಅದರ ಎರಡರಷ್ಟಾದರೂ ಕೊಡಿ, ಚೀಲದ ನಡುವೆ ಇರುವ ಪ್ಲೇಟಿಗೆ ಬಿಸಿ ತಲುಪುವುದು ತಡ. ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಫ್ಯಾನನ್ನೂ ಈಗ ಹಾಕಿಕೊಳ್ಳಬಹುದು.